ಸೆಕೆಂಡ್ ಹ್ಯಾಂಡ್ ಕಾರಿಗೆ ಇನ್ಶೂರೆನ್ಸ್: ಮೂರು ರೇಟಲ್ಲಿ ಯಾವುದು ಮಾಡಿಸೋದು?

ಪ್ರಶ್ನೆ: ನಾವಿರೋದು ಮಂಗಳೂರಲ್ಲಿ, ಕೊಟ್ಟಾರ ಚೌಕಿ ಹತ್ರ. ಎರಡು ತಿಂಗಳ ಹಿಂದೆ 1197 ಸಿಸಿ ಪೆಟ್ರೋಲ್ ಕಾರನ್ನ ಸೆಕೆಂಡ್ ಹ್ಯಾಂಡಲ್ಲಿ 5.40 ಲಕ್ಷಕ್ಕೆ ತಗೊಂಡೆ. ಆರ್‌ಸಿ ನನ್ನ ಹೆಸರಿಗೆ ಆಗಿದೆ, ಇನ್ಶೂರೆನ್ಸ್ ಮಾತ್ರ ಇನ್ನೂ ಹಳೇ ಓನರ್ ಹೆಸರಲ್ಲೇ ಇದೆ, ಮುಂದಿನ ತಿಂಗಳು ಮುಗಿಯುತ್ತೆ, ಅಷ್ಟೊತ್ತಿಗೆ ಗಾಡಿಗೆ ನಾಲ್ಕು ವರ್ಷ ದಾಟುತ್ತೆ. ಏಜೆಂಟ್ 15,800 ಹೇಳ್ತಿದಾರೆ, ಆನ್‌ಲೈನಲ್ಲಿ 8,200ಕ್ಕೆ ಬರ್ತಿದೆ, ಆಫೀಸಲ್ಲಿ ಫ್ರೆಂಡ್ಸು ಹಳೇ ಗಾಡಿಗೆ ಥರ್ಡ್ ಪಾರ್ಟಿ ಸಾಕು, ನಾಲ್ಕು ಸಾವಿರದಲ್ಲಿ ಮುಗಿಯುತ್ತೆ ಅಂತಾರೆ. ಮುಂಚೆ ನನ್ನ ಹತ್ರ ಆಲ್ಟೋ ಇತ್ತು, ಮೂರು ವರ್ಷದಿಂದ ಅದರಲ್ಲಿ ಕ್ಲೇಮ್ ಮಾಡಿರಲಿಲ್ಲ, ಕಳೆದ ವರ್ಷ ಮಾರಿದೆ. ಮನೆಯವರು, ಇಬ್ಬರು ಮಕ್ಕಳು, ಅಮ್ಮ ಎಲ್ಲರೂ ಇದೇ ಗಾಡೀಲಿ ಓಡಾಡೋದು, ತಿಂಗಳಿಗೊಂದು ಸಲ ಶಿರಾಡಿ ಘಾಟಿ ಮೇಲೆ ಬೆಂಗಳೂರಿಗೆ ಹೋಗ್ತೀವಿ. ಎರಡೂ ಕೊಟೇಶನ್ ಕಳಿಸಿದೀನಿ. ಯಾವುದು ಮಾಡಿಸಲಿ ಸರ್?

ಉತ್ತರ: ಮೂರರಲ್ಲಿ ಯಾವುದೂ ಹಾಗೇ ಇದ್ದ ಹಾಗೆ ಮಾಡಿಸಬೇಡಿ. ಏಜೆಂಟ್ ಕೊಟ್ಟಿರೋದರಲ್ಲಿ ನಿಮಗೆ ಬೇಡದ್ದು ಸೇರಿದೆ, ಬೇಕಾದ್ದೊಂದು ಬಿಟ್ಟುಹೋಗಿದೆ. ಆನ್‌ಲೈನ್ ಕೊಟೇಶನ್‌ನಲ್ಲಿ ನಿಮ್ಮದಲ್ಲದ ಡಿಸ್ಕೌಂಟ್ ಹಾಕಿದಾರೆ, ಅದರಿಂದಲೇ ಅದು ಅಷ್ಟು ಅಗ್ಗ ಕಾಣ್ತಿರೋದು, ಕ್ಲೇಮ್ ಟೈಮಲ್ಲಿ ಅದೇ ನಿಮ್ಮ ಕೈ ಕಚ್ಚುತ್ತೆ. ಥರ್ಡ್ ಪಾರ್ಟಿ ಒಂದೇ ಅನ್ನೋದಂತೂ ನೀವು ಹೇಳಿರೋ ಕುಟುಂಬಕ್ಕೆ ಆಗೋ ಮಾತಲ್ಲ. ನಾನು ಸರ್ವೇಯರ್ ಕೆಲಸದಲ್ಲಿರೋನು, ಗುದ್ದಿದ ಗಾಡಿ ನೋಡಿ ಕಂಪನಿ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕೋದೇ ನನ್ನ ಕೆಲಸ, ಅದಕ್ಕೆ ಪ್ರೀಮಿಯಂ ಕಡೆಯಿಂದ ಅಲ್ಲ, ಕ್ಲೇಮ್ ಕಡೆಯಿಂದಲೇ ಹೇಳ್ತೀನಿ.

ಮೊದಲು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಪಾಲಿಸಿ ಹಳೇ ಓನರ್ ಹೆಸರಲ್ಲಿದೆ ಅಂದ್ರಲ್ಲ, ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ತಾನಾಗೇ ಹೊಸ ಓನರ್‌ಗೆ ಬರುತ್ತೆ, ಆದ್ರೆ 14 ದಿನದೊಳಗೆ ಹೊಸ ಓನರ್ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿ ತನ್ನ ಹೆಸರಿಗೆ ಮಾಡಿಸ್ಕೋಬೇಕು. ನೀವು ಮಾಡಿಸಿಲ್ಲ. ಅಂದ್ರೆ ನಾಳೆ ಘಾಟಿಯಲ್ಲಿ ಗಾಡಿ ಪಲ್ಟಿ ಹೊಡೆದ್ರೆ ಎದುರಿನವರಿಗೆ ಆದ ನಷ್ಟಕ್ಕೆ ಕಂಪನಿ ಇದೆ, ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಯಾರೂ ಇಲ್ಲ. ಪಾಲಿಸಿ ಇರೋದು ಗಾಡಿ ಮಾರಿದೋರ ಹೆಸರಲ್ಲಿ, ಅವರಿಗೆ ಈಗ ಆ ಗಾಡಿ ಮೇಲೆ ಹಕ್ಕಿಲ್ಲ, ಹಕ್ಕಿರೋ ನಿಮ್ಮ ಹೆಸರಲ್ಲಿ ಪಾಲಿಸಿ ಇಲ್ಲ. ಕ್ಲೇಮ್ ರಿಜೆಕ್ಟ್ ಮಾಡೋಕೆ ಕಂಪನಿಗೆ ಇದೊಂದೇ ಸಾಕು. ಒಂದು ತಿಂಗಳು ತಾನೇ ಅಂತ ಬಿಡಬೇಡಿ. ಹೊಸ ಆರ್‌ಸಿ ಕಾಪಿ ಹಾಕಿ ಟ್ರಾನ್ಸ್‌ಫರ್‌ಗೆ ಅರ್ಜಿ ಕೊಡಿ, ಉಳಿದ ದಿನಗಳಿಗೆ ಹಳೇ ಓನರ್‌ಗೆ ಕೊಟ್ಟಿದ್ದ ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟ್) ಎಷ್ಟೋ ಅಷ್ಟು ಕಟ್ಟಿಸ್ಕೋತಾರೆ, ಒಂದು ತಿಂಗಳಿಗೆ ಅದು ದೊಡ್ಡ ಮೊತ್ತ ಆಗಲ್ಲ. ಅಲ್ಲೀತನಕ ಸಾಧ್ಯವಾದ್ರೆ ಬೆಂಗಳೂರು ಟ್ರಿಪ್ ಮುಂದಕ್ಕೆ ಹಾಕಿ.

ಈಗ ಆ 8,200ರ ವಿಷಯ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಎನ್‌ಸಿಬಿ 45% ಅಂತ ಇದೆ, ನೋಡಿ. ಗಾಡಿ ನಂಬರ್ ಹಾಕಿದ ತಕ್ಷಣ ಹಳೇ ಪಾಲಿಸಿಯ ಡೇಟಾ ಬಂದು ಅದೇ ಟಿಕ್ ಆಗಿಬಿಟ್ಟಿದೆ. ನೋ ಕ್ಲೇಮ್ ಬೋನಸ್ ಗಾಡಿಗೆ ಸೇರಿದ್ದಲ್ಲ, ಓನರ್‌ಗೆ ಸೇರಿದ್ದು. ಒಂದು ವರ್ಷ ಕ್ಲೇಮ್ ಇಲ್ಲದಿದ್ರೆ 20%, ಆಮೇಲೆ 25, 35, 45, ಐದು ವರ್ಷಕ್ಕೆ 50%, ಅದೂ ಓನ್ ಡ್ಯಾಮೇಜ್, ಅಂದ್ರೆ ಸ್ವಂತ ಗಾಡಿಯ ಡ್ಯಾಮೇಜ್‌ಗೆ ಕಟ್ಟೋ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಮೇಲೆ ಇಲ್ಲ. ಆ 45% ಸಂಪಾದಿಸಿದ್ದು ನಿಮಗೆ ಗಾಡಿ ಮಾರಿದವರು, ಅವರು ಅದನ್ನ ತಮ್ಮ ಮುಂದಿನ ಗಾಡಿಗೆ ತಗೊಂಡು ಹೋಗ್ತಾರೆ. ನೀವು ಅದನ್ನ ಹಾಗೇ ಬಿಟ್ಟು ದುಡ್ಡು ಕಟ್ಟಿದ್ರೆ ಈಗ ಯಾರೂ ಕೇಳಲ್ಲ, ಪಾಲಿಸಿ ಮೇಲ್‌ಗೆ ಬರುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ. ಗಾಡಿ ಗುದ್ದಿ ಗ್ಯಾರೇಜಿಗೆ ಬಂದ ದಿನ ಕಂಪನಿ ಹಿಂದಿನ ಕಂಪನಿಯಿಂದ ಎನ್‌ಸಿಬಿ ಕನ್ಫರ್ಮ್ ಮಾಡಿಸ್ಕೊಳ್ಳುತ್ತೆ, ಆಗ ಗೊತ್ತಾಗುತ್ತೆ. ಪಾಲಿಸಿಗೆ ಕೊಡೋ ಅರ್ಜಿ, ಅಂದ್ರೆ ಪ್ರಪೋಸಲ್‌ನಲ್ಲೇ ಬರೆದಿರುತ್ತೆ, ಎನ್‌ಸಿಬಿ ಬಗ್ಗೆ ಕೊಟ್ಟ ಮಾಹಿತಿ ತಪ್ಪಿದ್ರೆ ಸ್ವಂತ ಗಾಡಿಯ ಡ್ಯಾಮೇಜ್‌ಗೆ ಸಿಗೋ ಎಲ್ಲಾ ಲಾಭ ರದ್ದು ಅಂತ. ನಾನು ಲೆಕ್ಕ ಹಾಕಿ ನೋಡಿದೆ, ಆ ಟಿಕ್ಕಿಂದ ನಿಮಗೆ ಉಳಿಯೋದು ಜಿಎಸ್‌ಟಿ ಸೇರಿ ಸುಮಾರು ಮೂರು ಸಾವಿರ. ಮೂರು ಸಾವಿರಕ್ಕೆ ನಾಲ್ಕು ಲಕ್ಷದ ಗಾಡಿಯನ್ನ ಪಣಕ್ಕಿಡೋದು ಬೇಡ್ವೇ ಬೇಡ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಬಹಳ ಜನ ಗೊತ್ತಿಲ್ಲದೇನೇ ಇದರಲ್ಲಿ ಸಿಕ್ಕಿ ಹಾಕ್ಕೋತಾರೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಖುಷಿ ವಿಷಯ ಏನಂದ್ರೆ ನಿಮ್ಮದೇ ಬೋನಸ್ ಒಂದಿದೆ. ಆಲ್ಟೋದಲ್ಲಿ ಮೂರು ವರ್ಷ ಕ್ಲೇಮ್ ಮಾಡಿಲ್ಲ ಅಂದ್ರಲ್ಲ, ಆ 35% ನಿಮ್ಮದು, ಗಾಡಿ ಮಾರಿದ್ರೂ ಮೂರು ವರ್ಷದ ತನಕ ಅದು ಜೀವಂತ ಇರುತ್ತೆ. ಆಲ್ಟೋ ಇನ್ಶೂರೆನ್ಸ್ ಕೊಟ್ಟಿದ್ದ ಕಂಪನಿಗೆ ಮಾರಾಟದ ಪೇಪರ್, ಗಾಡಿ ಮಾರಿದ್ದನ್ನ ಆರ್‌ಟಿಒಗೆ ತಿಳಿಸೋ ಫಾರ್ಮ್ 29ರ ಕಾಪಿ, ಹಳೇ ಪಾಲಿಸಿ ಕೊಟ್ಟು ಎನ್‌ಸಿಬಿ ಸರ್ಟಿಫಿಕೇಟ್ ಅಂತ ಕೇಳಿ. ಅದನ್ನ ಈ ಗಾಡಿ ಪಾಲಿಸಿಗೆ ಹಾಕ್ಸಿ. ಹೊಸ ಪಾಲಿಸಿ ತಗೊಳೋ ಮುಂಚೆನೇ ಆ ಲೆಟರ್ ಕೈಗೆ ಬರೋ ಹಾಗೆ ನೋಡ್ಕೊಳ್ಳಿ. ನಿಮ್ಮ ಏಜೆಂಟ್ ಸೊನ್ನೆ ಎನ್‌ಸಿಬಿ ಹಾಕಿ ಲೆಕ್ಕ ಕೊಟ್ಟಿದಾರೆ, ಅವರು ಪ್ರಾಮಾಣಿಕರು, ಆದ್ರೆ ಆಲ್ಟೋ ಬಗ್ಗೆ ಕೇಳಿಲ್ಲ ಅನ್ಸುತ್ತೆ.

ಅಂದಹಾಗೆ ಆ ಆಲ್ಟೋ ತಗೊಂಡವರು ಆರ್‌ಸಿ ತಮ್ಮ ಹೆಸರಿಗೆ ಮಾಡಿಸ್ಕೊಂಡಿದಾರಾ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಒಂದ್ಸಲ ಚೆಕ್ ಮಾಡಿ. ಮಾಡಿಸಿಲ್ಲ ಅಂದ್ರೆ ಕಾನೂನಿನ ಕಣ್ಣಲ್ಲಿ ಅದರ ಓನರ್ ಇನ್ನೂ ನೀವೇ, ಆರ್‌ಸಿಯಲ್ಲಿ ಹೆಸರಿರೋರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಎಷ್ಟು ಕೈ ಬದಲಾಗಿದ್ರೂ ಸರಿ. ಇನ್ಶೂರೆನ್ಸ್ ಇಲ್ಲದೆ ಅವರು ಯಾರಿಗಾದ್ರೂ ಗುದ್ದಿದ್ರೆ ನೋಟಿಸ್ ಬರೋದು ನಿಮ್ಮ ಮನೆಗೆ.

ಥರ್ಡ್ ಪಾರ್ಟಿ ಒಂದೇ ಸಾಕು ಅನ್ನೋ ಫ್ರೆಂಡ್ಸ್ ಮಾತಿಗೆ ಬರೋಣ. ಥರ್ಡ್ ಪಾರ್ಟಿ ಪ್ರೀಮಿಯಂ ಕಂಪನಿ ನಿರ್ಧರಿಸೋದಲ್ಲ, ಸರ್ಕಾರ ನಿಗದಿ ಮಾಡಿರೋದು. 1000 ಸಿಸಿ ಒಳಗಿನ ಕಾರಿಗೆ 2,094, ಅಲ್ಲಿಂದ 1500 ಸಿಸಿ ತನಕ 3,416, ಅದಕ್ಕಿಂತ ಮೇಲೆ 7,897, 2022ರ ಜೂನ್‌ನಲ್ಲಿ ಬಂದ ರೇಟು. ನಿಮ್ಮದಕ್ಕೆ 3,416ಕ್ಕೆ 18% ಜಿಎಸ್‌ಟಿ ಸೇರಿ 4,031 ಆಗುತ್ತೆ, ಯಾವ ಕಂಪನಿಗೆ ಹೋದ್ರೂ ಅಷ್ಟೇ. ಇದು ಎದುರಿನವರ ಸಾವು ನೋವಿಗೆ ಮಿತಿ ಇಲ್ಲದೆ ಕೊಡುತ್ತೆ, ಅವರ ಆಸ್ತಿಪಾಸ್ತಿಗೆ 7.5 ಲಕ್ಷದ ತನಕ ಕೊಡುತ್ತೆ. ಇದಿಲ್ಲದೆ ರೋಡಿಗೆ ಇಳಿಯೋ ಹಾಗೇ ಇಲ್ಲ, ಸಿಕ್ಕಿಬಿದ್ರೆ ಮೊದಲ ಸಲ 2,000, ಎರಡನೇ ಸಲ 4,000 ದಂಡ, ಜೈಲಿಗೂ ಅವಕಾಶ ಇದೆ. ದಂಡ ಬಿಡಿ, ದುಡಿಯೋ ವಯಸ್ಸಿನವರೊಬ್ಬರು ಹೋಗಿಬಿಟ್ರೆ ಕ್ಲೇಮ್ಸ್ ಟ್ರಿಬ್ಯುನಲ್ ಕೊಡಿಸೋ ಪರಿಹಾರ ಹತ್ತಾರು ಲಕ್ಷ ಇರುತ್ತೆ, ಇನ್ಶೂರೆನ್ಸ್ ಇಲ್ಲದಿದ್ರೆ ಅಷ್ಟೂ ನೀವೇ ಕಟ್ಟಬೇಕು, ಮನೆ ಮಾರಿಯಾದ್ರೂ.

ಆದ್ರೆ ಫ್ರೆಂಡ್ಸ್ ಹೇಳದೇ ಇರೋ ಒಂದು ವಿಷಯ ಇದೆ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದ್ರೆ ಆಕ್ಟ್ ಓನ್ಲಿ ಅಂತಾರಲ್ಲ ಅದರಲ್ಲಿ, ನಿಮ್ಮ ಗಾಡಿಯೊಳಗೇ ಕೂತಿರೋ ನಿಮ್ಮ ಹೆಂಡತಿ, ಮಕ್ಕಳು, ಅಮ್ಮ ಯಾರೂ ಕವರ್ ಆಗಲ್ಲ. ಎದುರಿನ ಬೈಕಿನವನಿಗೆ ಏಟಾದ್ರೆ ಕಂಪನಿ ಕೊಡುತ್ತೆ, ನಿಮ್ಮ ಡ್ರೈವಿಂಗ್ ತಪ್ಪಿಂದ ನಿಮ್ಮ ಪಕ್ಕದ ಸೀಟಲ್ಲಿದ್ದವರಿಗೆ ಏಟಾದ್ರೆ ಆ ಪಾಲಿಸಿಯಲ್ಲಿ ಅವರಿಗೆ ಜಾಗ ಇಲ್ಲ. ಥರ್ಡ್ ಪಾರ್ಟಿ ಜೊತೆ ಸ್ವಂತ ಗಾಡಿಯ ಡ್ಯಾಮೇಜೂ ಸೇರಿರೋ ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಇದ್ರೆ ಕಾರಲ್ಲಿ ಕೂತವರ ಹೊಣೆಯೂ ಕಂಪನಿ ಮೇಲೆ ಬರುತ್ತೆ, ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಗಾಡಿ ಹಳೇದು, ಡೆಂಟ್ ಬಿದ್ರೆ ಬೀಳಲಿ ಅನ್ನೋ ಲೆಕ್ಕ ಒಂಟಿಯಾಗಿ ಓಡಾಡೋರಿಗೆ ಸರಿ ಹೋಗಬಹುದೇನೋ, ತಿಂಗಳಿಗೊಂದು ಸಲ ಐದು ಜನ ಶಿರಾಡಿ ಘಾಟಿ ಇಳಿಯೋರಿಗೆ ಸರಿ ಹೋಗಲ್ಲ. ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿ ಮೇಲೆ ಕಲ್ಲು ಬಿದ್ರೆ, ಮರ ಬಿದ್ರೆ, ಇದೆಲ್ಲ ಪ್ಯಾಕೇಜ್ ಪಾಲಿಸಿಯಲ್ಲಿ ಕವರ್ ಇದೆ, ಥರ್ಡ್ ಪಾರ್ಟಿಯಲ್ಲಿ ಇಲ್ಲ.

ಇನ್ನು ಓನರ್ ಕಮ್ ಡ್ರೈವರ್ ಪರ್ಸನಲ್ ಆಕ್ಸಿಡೆಂಟ್ ಕವರ್ 15 ಲಕ್ಷದ್ದು, ಅದು ಕಡ್ಡಾಯ, ಕೆಲವು ನೂರು ರೂಪಾಯಿ ಅಷ್ಟೇ. ಅದು ಬರೀ ನಿಮಗೆ, ಅದೂ ನಿಮ್ಮ ಲೈಸೆನ್ಸ್ ಚಾಲ್ತಿಯಲ್ಲಿದ್ರೆ ಮಾತ್ರ. ನಿಮಗೆ ಬೇರೆ ಕಡೆ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಈಗಾಗ್ಲೇ ಇದ್ರೆ ಬಿಡಬಹುದು. ಉಳಿದ ನಾಲ್ಕು ಜನಕ್ಕೆ ಅನ್‌ನೇಮ್ಡ್ ಪ್ಯಾಸೆಂಜರ್ ಕವರ್ ಅಂತ ಇದೆ, ತಲೆಗೆ ಎರಡು ಲಕ್ಷದ ತನಕ ಸಿಗುತ್ತೆ, ಸೀಟಿಗೆ ನೂರು ರೂಪಾಯಿ ಆಸುಪಾಸು. ಏಜೆಂಟ್‌ಗಳು ಇದನ್ನ ಸಾಮಾನ್ಯವಾಗಿ ಹೇಳೋದೇ ಇಲ್ಲ, ನೀವೇ ಕೇಳಿ ಹಾಕ್ಸಿ.

ಐಡಿವಿ ಬಗ್ಗೆ. ಗಾಡಿ ಕಳ್ಳತನ ಆದ್ರೆ ಅಥವಾ ಪೂರ್ತಿ ಜಖಂ ಆದ್ರೆ ಕಂಪನಿ ಕೊಡೋ ಗರಿಷ್ಠ ಮೊತ್ತ ಅದು. ಲೆಕ್ಕ ಇಡೋದು ಆ ಮಾಡೆಲ್‌ನ ಶೋರೂಮ್ ಬೆಲೆ ಮೇಲೆ, ಆರು ತಿಂಗಳ ತನಕ 5% ಕಳೀತಾರೆ, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ನಾಲ್ಕು ದಾಟಿ ಐದರ ತನಕ 50%. ರೋಡ್ ಟ್ಯಾಕ್ಸ್, ರಿಜಿಸ್ಟ್ರೇಶನ್ ಇದರಲ್ಲಿ ಸೇರಲ್ಲ. ನಿಮ್ಮ ಏಜೆಂಟ್ 4.30 ಲಕ್ಷ ಹಾಕಿದಾರೆ, ಆನ್‌ಲೈನಲ್ಲಿ 3.70 ಇದೆ. ನೀವು ಕೊಟ್ಟಿರೋದು 5.40, ಅಂದ್ರೆ ಎರಡೂ ನಿಮ್ಮ ಖರ್ಚಿಗಿಂತ ಕಮ್ಮಿನೇ, ಅಂಥದ್ರಲ್ಲಿ ಇನ್ನೂ ಕೆಳಗೆ ಎಳೀಬೇಡಿ. ಐಡಿವಿ ಕಮ್ಮಿ ಮಾಡಿದ್ರೆ ಬಂಪರ್ ಕ್ಲೇಮ್‌ಗೆ ಏನೂ ವ್ಯತ್ಯಾಸ ಆಗಲ್ಲ, ಅದಕ್ಕೇ ಜನಕ್ಕೆ ಇದರ ಬಿಸಿ ತಟ್ಟಲ್ಲ. ವ್ಯತ್ಯಾಸ ಗೊತ್ತಾಗೋದು ದೊಡ್ಡ ಆಕ್ಸಿಡೆಂಟಲ್ಲಿ. ರಿಪೇರಿ ಖರ್ಚು ಐಡಿವಿಯ 75% ದಾಟಿದ್ರೆ ಗಾಡಿಯನ್ನ ಟೋಟಲ್ ಲಾಸ್ ಅಂತ ಮಾಡ್ತಾರೆ. 3.70 ಇದ್ರೆ 2.77 ಲಕ್ಷಕ್ಕೇ ಆ ಗೆರೆ ಬಂದ್ಬಿಡುತ್ತೆ, 4.30 ಇದ್ರೆ 3.22 ತನಕ ರಿಪೇರಿ ಮಾಡಿಸ್ಕೋಬಹುದು. ಹಾಗಾಗಿ ಕಮ್ಮಿ ಐಡಿವಿ ಹಾಕಿದವರಿಗೆ ಗಾಡಿನೂ ಬೇಗ ಹೋಗುತ್ತೆ, ಕೈಗೆ ಬರೋದೂ ಕಮ್ಮಿ. ಸಾಲ ಇದ್ರೆ ಆ ದುಡ್ಡೂ ಮೊದಲು ಬ್ಯಾಂಕಿಗೆ ಹೋಗುತ್ತೆ.

ಈಗ ಜೀರೋ ಡೆಪ್, ಬಂಪರ್ ಟು ಬಂಪರ್ ಅಂತಾರಲ್ಲ, ಪಾರ್ಟ್ಸ್ ಹಳೇದಾಗಿದೆ ಅಂತ ಬೆಲೆ ಕಡಿತ (ಡೆಪ್ರಿಸಿಯೇಶನ್) ಮಾಡದೆ ಕ್ಲೇಮ್ ಕೊಡೋ ಆಡ್‌ಆನ್, ಅಂದ್ರೆ ಪಾಲಿಸಿಗೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಹೆಚ್ಚುವರಿ ಕವರ್. ಇದು ಬೇಕಾ ಬೇಡ್ವಾ ಅನ್ನೋದನ್ನ ಒಂದು ಬಿಲ್ ಇಟ್ಕೊಂಡೇ ನೋಡೋಣ, ಉದಾಹರಣೆಗೆ ಹೇಳ್ತಿರೋದು, ಜಿಎಸ್‌ಟಿ ಬಿಟ್ಟು. ಮುಂದೆ ಹೋಗ್ತಿದ್ದ ಗಾಡಿ ಸಡನ್ ಬ್ರೇಕ್ ಹಾಕ್ತು, ನೀವು ಹಿಂದಿಂದ ಗುದ್ದಿದ್ರಿ. ಬಂಪರ್ 6,000, ಹೆಡ್‌ಲೈಟ್ 5,000, ಬಾನೆಟ್ 8,000, ಮುಂದಿನ ಗ್ಲಾಸ್ 7,000, ಲೇಬರ್ 4,000, ಪೇಂಟಿಂಗ್ 8,000, ಕ್ಲಿಪ್ಪು ಕೂಲೆಂಟು ಇತ್ಯಾದಿ 800. ಒಟ್ಟು 38,800. ಸಾಮಾನ್ಯ ಕಾಂಪ್ರಹೆನ್ಸಿವ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆಲ್ಲ ಗಾಡಿ ಎಷ್ಟೇ ಹೊಸದಿರಲಿ ಅರ್ಧ ಕಟ್. ಬಂಪರ್‌ಗೆ 3,000, ಹೆಡ್‌ಲೈಟ್‌ಗೆ 2,500 ಹೋಯ್ತು. ಬಾನೆಟ್ ಲೋಹದ್ದು, ಲೋಹಕ್ಕೆ ಗಾಡಿ ವಯಸ್ಸು ನೋಡ್ತಾರೆ, ನಾಲ್ಕರಿಂದ ಐದು ವರ್ಷಕ್ಕೆ 35%, ಅಂದ್ರೆ 2,800. ಗ್ಲಾಸ್‌ಗೆ ಡೆಪ್ರಿಸಿಯೇಶನ್ ಇಲ್ಲ, ಪೂರ್ತಿ ಕೊಡ್ತಾರೆ. ಪೇಂಟ್ ಬಿಲ್‌ನಲ್ಲಿ ಕಾಲು ಭಾಗ ಮೆಟೀರಿಯಲ್ ಅಂತ ಹಿಡಿದು ಅದರಲ್ಲಿ ಅರ್ಧ ಕಟ್, 1,000. ಕ್ಲಿಪ್ಪು ಕೂಲೆಂಟು ಕನ್ಸ್ಯೂಮಬಲ್ಸ್ ಲೆಕ್ಕಕ್ಕೆ ಬರುತ್ತೆ, ಅದು ಸಿಗಲ್ಲ, 800. ಕಡ್ಡಾಯ ಕಡಿತ 1,000, 1500 ಸಿಸಿ ದಾಟಿದ್ರೆ 2,000. ಒಟ್ಟು ನಿಮ್ಮ ಕೈಯಿಂದ 11,100 ಆಯ್ತು. ಜೀರೋ ಡೆಪ್ ಇದ್ದಿದ್ರೆ 1,800 ಅಷ್ಟೇ. ಜೀರೋ ಅಂದ ತಕ್ಷಣ ಪೂರ್ತಿ ಫ್ರೀ ಅಂದ್ಕೋಬೇಡಿ, ಆ 1,800 ಕೊಡಲೇಬೇಕು, ಮತ್ತೆ ವರ್ಷಕ್ಕೆ ಎಷ್ಟು ಕ್ಲೇಮ್ ಅಂತ ಹಲವು ಕಂಪನಿಗಳು ಮಿತಿ ಹಾಕಿರ್ತಾವೆ, ಅದನ್ನ ಕೇಳ್ಕೊಳ್ಳಿ. ಒಂದೇ ಕ್ಲೇಮಲ್ಲಿ 9,300 ಉಳಿಯೋದಾದ್ರೆ ಎರಡು ಸಾವಿರದ ಒಳಗಿನ ಆ ಆಡ್‌ಆನ್ ನಿಮಗೆ ಲಾಭನೇ. ಐದು ವರ್ಷ ದಾಟಿದ ಮೇಲೆ ಬಹಳ ಕಂಪನಿಗಳು ಇದನ್ನ ಕೊಡೋಕೆ ಹಿಂದೇಟು ಹಾಕ್ತಾವೆ, ಹಿಂದಿನ ಪಾಲಿಸಿಯಲ್ಲಿ ಇತ್ತಾ ಅಂತಾನೂ ಕೇಳ್ತಾರೆ, ಇಲ್ಲದಿದ್ರೆ ಗಾಡಿ ಇನ್‌ಸ್ಪೆಕ್ಷನ್ ಮಾಡಿ ಕೊಡ್ತಾರೆ.

ನಿಮ್ಮ ಏಜೆಂಟ್ ಬಿಟ್ಟಿರೋದು ಇಂಜಿನ್ ಪ್ರೊಟೆಕ್ಟ್, ನೀರು ಹೋಗಿ ಇಂಜಿನ್ ಕೆಟ್ರೆ ಕೊಡೋ ಆಡ್‌ಆನ್. ಕೊಟ್ಟಾರ ಚೌಕಿಯಲ್ಲಿ ಮನೆ ಇರೋರಿಗೆ ಇದನ್ನ ಹಾಕದೆ ಟೈರ್ ಕವರ್ ಹಾಕಿರೋದು ನನಗೆ ಅರ್ಥ ಆಗ್ಲಿಲ್ಲ, ಜೂನ್ ಜುಲೈನಲ್ಲಿ ಅಲ್ಲಿ ನೀರು ಹೇಗೆ ನಿಲ್ಲುತ್ತೆ ಅಂತ ಊರಿಗೇ ಗೊತ್ತು. ನೀರು ನಿಂತು ಗಾಡಿ ಮುಳುಗಿದ್ರೆ ಸೀಟು, ಕಾರ್ಪೆಟ್, ವೈರಿಂಗ್, ಇಸಿಎಂ (ಗಾಡಿಯ ಕಂಪ್ಯೂಟರ್) ಇವೆಲ್ಲ ಮಾಮೂಲಿ ಪ್ಯಾಕೇಜ್‌ನಲ್ಲೇ ಬರುತ್ತೆ, ಪ್ರವಾಹ ಅದರಲ್ಲಿ ಕವರ್ ಇದೆ. ಇಂಜಿನ್ ಕಥೆ ಬೇರೆ. ನೀರಲ್ಲಿ ಗಾಡಿ ಆಫ್ ಆದಾಗ ಜನ ಗಾಬರಿಯಾಗಿ ಮತ್ತೆ ಮತ್ತೆ ಸ್ಟಾರ್ಟ್ ಹೊಡೀತಾರೆ. ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿರುತ್ತೆ, ಗಾಳಿ ಒತ್ತಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ, ಪಿಸ್ಟನ್ ಮೇಲೆ ಬರೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತೆ. ಬಿಚ್ಚಿ ನೋಡಿದ್ರೆ ಬಗ್ಗಿದ ರಾಡ್ ಕಣ್ಣಿಗೆ ಕಾಣುತ್ತೆ, ಮುಚ್ಚಿಡೋಕಾಗಲ್ಲ. ಆಗ ಕಂಪನಿ ಹೇಳೋದು, ಇಂಜಿನ್ ಹೋಗಿದ್ದು ಮಳೆಯಿಂದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ, ಹಾಗಾಗಿ ನಾವು ಕೊಡಲ್ಲ ಅಂತ. ಲಕ್ಷದ ಮೇಲೆ ಬಿಲ್ ಆಗೋ ಕೆಲಸ ಇದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರು ಮುಳುಗಿದಾಗ ಈ ಆಡ್‌ಆನ್ ಏನು ಅಂತ ಬಹಳ ಜನಕ್ಕೆ ಗೊತ್ತಾಯ್ತು. ಕೆಲವು ನೂರು ರೂಪಾಯಲ್ಲಿ ಬರುತ್ತೆ, ಕಣ್ಮುಚ್ಚಿ ಹಾಕ್ಸಿ. ಆದ್ರೆ ಆಡ್‌ಆನ್ ಇದೆ ಅಂತಾನೂ ನೀರಲ್ಲಿ ಸ್ಟಾರ್ಟ್ ಹೊಡೀಬೇಡಿ, ಗಾಡಿ ನಿಂತ್ರೆ ಬ್ಯಾಟರಿ ಟರ್ಮಿನಲ್ ತೆಗೆದು ಟೋ ಮಾಡಿಸಿ.

ಏಜೆಂಟ್ ಹಾಕಿರೋ ರಿಟರ್ನ್ ಟು ಇನ್ವಾಯ್ಸ್ ತೆಗೆಸಿ. ಹೊಸ ಗಾಡಿ ತಗೊಂಡವರಿಗೆ ಅದು ಒಳ್ಳೇದು, ಗಾಡಿ ಕಳುವಾದ್ರೆ ಅಥವಾ ಪೂರ್ತಿ ಹೋದ್ರೆ ಇನ್ವಾಯ್ಸ್ ಬೆಲೆ ರೋಡ್ ಟ್ಯಾಕ್ಸ್ ಸಮೇತ ವಾಪಸ್ ಬರುತ್ತೆ, ನಮ್ಮ ರಾಜ್ಯದಲ್ಲಿ ಆ ಟ್ಯಾಕ್ಸೇ ದೊಡ್ಡ ಗಂಟು. ನಿಮ್ಮದು ನಾಲ್ಕು ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ಗಾಡಿ, ಮೂಲ ಇನ್ವಾಯ್ಸ್ ನಿಮ್ಮ ಹೆಸರಲ್ಲೂ ಇಲ್ಲ. ಟೈರ್ ಕವರ್, ಕೀ ಕವರ್ ಎರಡೂ ಬೇಡ. ಕನ್ಸ್ಯೂಮಬಲ್ಸ್ ಇನ್ನೂರು ಮುನ್ನೂರಕ್ಕೆ ಸಿಕ್ರೆ ಹಾಕ್ಸಿ. ಹೀಗೆ ಮಾಡಿದ್ರೆ, 4.30 ಐಡಿವಿ, ನಿಮ್ಮ ಸ್ವಂತ 35% ಎನ್‌ಸಿಬಿ, ಜೀರೋ ಡೆಪ್, ಇಂಜಿನ್ ಪ್ರೊಟೆಕ್ಟ್, ಪ್ಯಾಸೆಂಜರ್ ಕವರ್ ಎಲ್ಲಾ ಸೇರಿ 12ರಿಂದ 13 ಸಾವಿರದ ಆಸುಪಾಸು ಬರಬೇಕು. ಇದೇ ಲೆಕ್ಕವನ್ನ ಏಜೆಂಟ್‌ಗೂ ಕೊಡಿ, ಆನ್‌ಲೈನಲ್ಲೂ ಇದೇ ಹಾಕಿ ನೋಡಿ, ಆಗ ಎರಡು ರೇಟು ಹೋಲಿಸೋಕೆ ಅರ್ಥ ಇರುತ್ತೆ. ಏಜೆಂಟ್ ಐನೂರೋ ಸಾವಿರವೋ ಜಾಸ್ತಿ ಹೇಳಿದ್ರೂ ಊರಲ್ಲೇ ಇರೋರು, ಕ್ಲೇಮ್ ಟೈಮಲ್ಲಿ ಫೋನ್ ಎತ್ತೋರು ಆಗಿದ್ರೆ ನಾನಾದ್ರೆ ಅವರ ಹತ್ರನೇ ಮಾಡಿಸ್ತೀನಿ. ವಾಲಂಟರಿ ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ಇಷ್ಟು ನಾನೇ ಕಟ್ತೀನಿ ಅಂತ ಒಪ್ಕೊಳ್ಳೋ ಮೊತ್ತ) ಹಾಕಿ ಪ್ರೀಮಿಯಂ ಇಳಿಸ್ತೀವಿ ಅಂದ್ರೆ ಒಪ್ಪಬೇಡಿ, ಕೆಲವು ನೂರು ಉಳಿಸೋಕೆ ಪ್ರತಿ ಕ್ಲೇಮ್‌ನಲ್ಲೂ ಸಾವಿರಗಟ್ಟಲೆ ಕಟ್ಟೋದು ಅದು.

ಡೇಟ್ ತಪ್ಪಿಸಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದ್ರೆ ಎನ್‌ಸಿಬಿ ಸೊನ್ನೆ, ಅದಕ್ಕೂ ಮುಂಚೆ ಒಂದೇ ದಿನ ಗ್ಯಾಪ್ ಬಿದ್ರೂ ಇನ್‌ಸ್ಪೆಕ್ಷನ್ ಕೇಳ್ತಾರೆ, ಆ ಗ್ಯಾಪಲ್ಲಿ ಏನಾದ್ರೂ ಆದ್ರೆ ದೇವರೇ ಗತಿ. ಸಣ್ಣಪುಟ್ಟ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಮೂರು ನಾಲ್ಕು ಸಾವಿರದ ಕೆಲಸ ಆದ್ರೆ ಕೈಯಿಂದ ಮಾಡಿಸಿ, ಇಲ್ಲಾಂದ್ರೆ 35% ಹೋಗಿ ಮತ್ತೆ ಸೊನ್ನೆಯಿಂದ ಹತ್ತಬೇಕು. ವೈಟ್ ಬೋರ್ಡ್ ಗಾಡೀನ ಯಾರಿಗೂ ಬಾಡಿಗೆಗೆ ಕೊಡಬೇಡಿ. ಸಿಎನ್‌ಜಿ ಕಿಟ್ ಹಾಕಿಸಿದ್ರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸಲೇಬೇಕು.

ಆಕ್ಸಿಡೆಂಟ್ ಆದ್ರೆ ರಿಪೇರಿ ಶುರು ಮಾಡೋಕೆ ಮುಂಚೆ ಕಂಪನಿಗೆ ತಿಳಿಸಿ, ನಂಬರ್ ಪ್ಲೇಟ್ ಕಾಣೋ ಹಾಗೆ ಫೋಟೋ ತೆಗೀರಿ, ಯಾರಿಗಾದ್ರೂ ಏಟಾಗಿದ್ರೆ ಪೊಲೀಸ್‌ಗೆ ಹೇಳಿ. ಗಾಡಿ ಕಳುವಾದ್ರೆ ಅವತ್ತೇ ಎಫ್‌ಐಆರ್, ಕಂಪನಿಗೆ ಆ ಕೂಡಲೇ ಮಾಹಿತಿ, ಎರಡೂ ಕೀ ಇರಬೇಕು, ಗಾಡಿ ಸಿಗಲಿಲ್ಲ ಅಂತ ಪೊಲೀಸರು ಸಿ ರಿಪೋರ್ಟ್ ಹಾಕಿದ ಮೇಲೆ ದುಡ್ಡು. ಈ ಗಾಡಿ ತಗೊಳೋವಾಗ ಎರಡನೇ ಕೀ ಇಸ್ಕೊಂಡಿಲ್ಲ ಅಂದ್ರೆ ಈಗಲೇ ಇಸ್ಕೊಳ್ಳಿ. ಕ್ಲೇಮ್ ತಿರಸ್ಕಾರ ಆಗಿ ನಿಮಗೆ ಅನ್ಯಾಯ ಅನ್ಸಿದ್ರೆ ಮೊದಲು ಕಂಪನಿಯ ಗ್ರಿವೆನ್ಸ್ ವಿಭಾಗಕ್ಕೆ ಬರೀರಿ, 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ರೆ ಇಂಥ ದೂರು ಕೇಳೋ ಅಧಿಕಾರಿ, ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಕರ್ನಾಟಕದ್ದು ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಫೀಸ್ ಇಲ್ಲ, ವಕೀಲರೂ ಬೇಡ, ಆನ್‌ಲೈನಲ್ಲೇ ದೂರು ಹಾಕಬಹುದು, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹಾಕಬೇಕು ಅಷ್ಟೇ.